ಹಳೆಯ ದೊಡ್ಡ ಎಸ್‌ಯುವಿ: ಕೊಳ್ಳುವುದು ಹೇಗೆ, ಸಾಕುವುದಕ್ಕೆ ಎಷ್ಟು ಬೇಕು

ದೊಡ್ಡ ಎಸ್‌ಯುವಿಗಳ ಬೆಲೆ ಮೊದಲ ಕೆಲವು ವರ್ಷಗಳಲ್ಲಿ ಭರ್ರನೆ ಇಳಿಯುತ್ತದೆ. ಏಳೆಂಟು ವರ್ಷ ಓಡಿದ ಶೆವ್ರೊಲೆ ಟಾಹೋ, ಫೋರ್ಡ್ ಎಕ್ಸ್‌ಪೆಡಿಷನ್, ನಿಸಾನ್ ಪ್ಯಾಟ್ರೋಲ್ ತರಹದ ಗಾಡಿ ಒಂದು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುವುದೂ ಉಂಟು. ಮೂರು ಸಾಲು ಸೀಟು, ದೊಡ್ಡ ಎಂಜಿನ್, ಎತ್ತರದಲ್ಲಿ ಕೂತು ಓಡಿಸುವ ಖುಷಿ. ಮನಸ್ಸು ಹೋಗುವುದು ಸಹಜ.

ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್, ಟೈರ್, ಎಸಿ ಕಂಪ್ರೆಸರ್‌ಗಳ ಬೆಲೆ ಚೂರೂ ಇಳಿದಿಲ್ಲ. ಅದು ಕುಡಿಯುವ ಇಂಧನವೂ ಕಮ್ಮಿಯಾಗಿಲ್ಲ. ಸಣ್ಣ ಕಾರಿನ ದುಡ್ಡು ಕೊಟ್ಟು ದೊಡ್ಡ ಗಾಡಿಯ ಖರ್ಚನ್ನು ಮನೆಗೆ ತರುತ್ತಿದ್ದೀರಿ ಅನ್ನುವುದು ಮೊದಲ ದಿನದಿಂದಲೇ ತಲೆಯಲ್ಲಿರಲಿ. ಇದನ್ನು ಲೆಕ್ಕ ಹಾಕಿ ಒಪ್ಪಿಕೊಂಡು ಕೊಂಡವರು ವರ್ಷಗಟ್ಟಲೆ ಖುಷಿಯಾಗಿ ಓಡಿಸುತ್ತಾರೆ. ಲೆಕ್ಕ ಹಾಕದವರ ಗಾಡಿ ಮೊದಲ ದೊಡ್ಡ ರಿಪೇರಿ ಬಂದ ಕೂಡಲೇ ಮತ್ತೆ ಮಾರಾಟಕ್ಕೆ ನಿಲ್ಲುತ್ತದೆ.

ಹಂತ 1: ನಿಜಕ್ಕೂ ಇಷ್ಟು ದೊಡ್ಡದು ಬೇಕಾ?

ಹೋದ ವರ್ಷ ಎಷ್ಟು ಸಲ ಐದು ಜನಕ್ಕಿಂತ ಜಾಸ್ತಿ ಮಂದಿ ಒಟ್ಟಿಗೆ ಓಡಾಡಿದಿರಿ ಅಂತ ಎಣಿಸಿ. ವರ್ಷಕ್ಕೆ ಎರಡು ಮೂರು ಸಲ ಅಂದರೆ, ಆ ದಿನಗಳಿಗೆ ದೊಡ್ಡ ಗಾಡಿ ಬಾಡಿಗೆಗೆ ತೆಗೆದುಕೊಳ್ಳುವುದೇ ಅಗ್ಗ. ದಿನಾ ಆರೇಳು ಜನ ಇದ್ದರೆ, ದೋಣಿ ಅಥವಾ ಕ್ಯಾರವಾನ್ ಎಳೆಯುವುದಿದ್ದರೆ, ಕೆಟ್ಟ ರಸ್ತೆಯಲ್ಲಿ ಪದೇ ಪದೇ ಹೋಗಬೇಕಿದ್ದರೆ ಆಗ ದೊಡ್ಡ ಎಸ್‌ಯುವಿಗೆ ಅರ್ಥವಿದೆ.

ಆಮೇಲೆ ಒಂದು ಟೇಪ್ ಹಿಡಿದು ನಿಮ್ಮ ಪಾರ್ಕಿಂಗ್ ಜಾಗ ಅಳೆಯಿರಿ. ಟಾಹೋ 5 ಮೀಟರ್ ದಾಟುತ್ತದೆ. ಅದೇ ಕುಟುಂಬದ ಸಬರ್ಬನ್ 5.7 ಮೀಟರ್ ಇದೆ. ಅಗಲ ಕನ್ನಡಿ ಬಿಟ್ಟೇ 2 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಬಹಳ ಕಡೆ ಪಾರ್ಕಿಂಗ್ ಜಾಗ ಇರುವುದೇ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಬಾಗಿಲು ತೆಗೆದು ಇಳಿಯಲಿಕ್ಕೂ ಜಾಗ ಬೇಕು, ಅಲ್ವಾ?

ಭಾರದ ಮಿತಿಯನ್ನೂ ನೋಡಿ. ಇಷ್ಟು ದೊಡ್ಡ ಗಾಡಿ ಏನು ಬೇಕಾದರೂ ಹೊರುತ್ತದೆ ಅಂತ ಅನಿಸುತ್ತದೆ, ಆದರೆ ಹಲವು ಮಾಡೆಲ್‌ಗಳಲ್ಲಿ ಜನ ಮತ್ತು ಸಾಮಾನು ಸೇರಿ ಮಿತಿ ಸುಮಾರು 600ರಿಂದ 800 ಕೆಜಿ. ತಲಾ 75 ಕೆಜಿಯ ಏಳು ಜನ ಕೂತರೆ 525 ಕೆಜಿ ಅಲ್ಲೇ ಮುಗಿಯಿತು. ಉಳಿದದ್ದರಲ್ಲಿ ಲಗೇಜು, ಛಾವಣಿಯ ಕ್ಯಾರಿಯರ್, ಟ್ರೇಲರ್ ಕೊಕ್ಕೆಯ ಮೇಲೆ ಬೀಳುವ ಭಾರ ಎಲ್ಲ ಸೇರಬೇಕು. ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಈ ಮಿತಿ ಬರೆದಿರುತ್ತದೆ. ಇಲ್ಲದಿದ್ದರೆ ಮಾಲೀಕರ ಕೈಪಿಡಿಯಲ್ಲಿ ಹುಡುಕಿ.

ಹಂತ 2: ಗಾಡಿ ನೋಡುವ ಮೊದಲೇ ಲೆಕ್ಕದ ಹಾಳೆ

ಗಾಡಿಯನ್ನು ಕಣ್ಣಾರೆ ನೋಡಿದ ಮೇಲೆ ಲೆಕ್ಕ ಹಾಕಿದರೆ ಮನಸ್ಸು ಎಲ್ಲ ಅಂಕಿಗಳನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತದೆ. ಅದಕ್ಕೇ ಮೊದಲು ಹಾಳೆ, ಆಮೇಲೆ ಗಾಡಿ.

ಐದು ವರ್ಷ ಇಟ್ಟುಕೊಳ್ಳುತ್ತೀರಿ, ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುತ್ತೀರಿ ಅಂತಿಟ್ಟುಕೊಳ್ಳಿ. ಒಟ್ಟು 75,000 ಕಿಲೋಮೀಟರ್. ಈಗ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ: ಕೊಳ್ಳುವ ಬೆಲೆ, ಸಾಲದ ಬಡ್ಡಿ, ನೋಂದಣಿ ಮತ್ತು ತೆರಿಗೆ, ಐದು ವರ್ಷದ ವಿಮೆ, ಇಂಧನ, ಸರ್ವೀಸ್, ಟೈರ್, ರಿಪೇರಿ. ಎಲ್ಲ ಕೂಡಿಸಿ, ಐದು ವರ್ಷದ ನಂತರ ಮಾರಿದರೆ ಬರುವ ದುಡ್ಡನ್ನು ಕಳೆಯಿರಿ. ಬಂದದ್ದನ್ನು 75,000ದಿಂದ ಭಾಗಿಸಿ. ಅದೇ ಒಂದು ಕಿಲೋಮೀಟರಿನ ನಿಜವಾದ ಖರ್ಚು.

ಇಂಧನ ಎಲ್ಲಕ್ಕಿಂತ ಸುಲಭದ ಲೆಕ್ಕ. ದೊಡ್ಡ ಪೆಟ್ರೋಲ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಊರೊಳಗೂ ಹೆದ್ದಾರಿಯಲ್ಲೂ ಸೇರಿ ಲೀಟರಿಗೆ 7.5 ಕಿಲೋಮೀಟರ್ ಕೊಟ್ಟರೆ ವರ್ಷಕ್ಕೆ 2,000 ಲೀಟರ್ ಬೇಕು. ಅದೇ ದೂರಕ್ಕೆ ಲೀಟರಿಗೆ 12 ಕೊಡುವ ಮಧ್ಯಮ ಗಾತ್ರದ ಗಾಡಿಗೆ 1,250 ಲೀಟರ್ ಸಾಕು. ವರ್ಷಕ್ಕೆ 750 ಲೀಟರ್ ವ್ಯತ್ಯಾಸ, ಐದು ವರ್ಷಕ್ಕೆ 3,750 ಲೀಟರ್. ನಿಮ್ಮಲ್ಲಿನ ಲೀಟರ್ ದರದಿಂದ ಗುಣಿಸಿ ನೋಡಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಮ್ಮಿ ಮೈಲೇಜಿನ ಗಾಡಿಗಳಲ್ಲಿ ಒಂದೊಂದು ಕಿಲೋಮೀಟರಿನ ವ್ಯತ್ಯಾಸಕ್ಕೂ ಬೆಲೆ ಜಾಸ್ತಿ. 6 ಕೊಡುವ ಗಾಡಿಯ ಬದಲು 7 ಕೊಡುವುದನ್ನು ಆರಿಸಿದರೆ ವರ್ಷಕ್ಕೆ ಹತ್ತಿರ ಹತ್ತಿರ 360 ಲೀಟರ್ ಉಳಿತಾಯ. ಸಣ್ಣ ಕಾರಿನಲ್ಲಿ 15ರಿಂದ 20ಕ್ಕೆ ಹೋದರೂ ಉಳಿಯುವುದು 250 ಲೀಟರ್ ಮಾತ್ರ. ‘ಎಲ್ಲ ದೊಡ್ಡ ಎಸ್‌ಯುವಿಗಳೂ ಒಂದೇ, ಎಲ್ಲವೂ ಕುಡಿಯುತ್ತವೆ’ ಅಂತ ಸುಮ್ನೆ ತಳ್ಳಿಹಾಕಬೇಡಿ. ಅವುಗಳ ನಡುವಿನ ಸಣ್ಣ ಅಂತರವೇ ದೊಡ್ಡ ಮೊತ್ತವಾಗುತ್ತದೆ.

ರಿಪೇರಿಗೆ ಎಷ್ಟು ಎತ್ತಿಡಬೇಕು? ಹೆಚ್ಚಿನವರು ಕೊಂಡ ಬೆಲೆಯ ಮೇಲೆ ಅಂದಾಜು ಹಾಕುತ್ತಾರೆ. ಹೊಸದರಲ್ಲಿ ಆ ಗಾಡಿ ಎಷ್ಟಿತ್ತು ಅನ್ನುವುದರ ಮೇಲೆ ಹಾಕಬೇಕು. ಹೊಸದಾಗಿದ್ದಾಗ 100 ಇದ್ದ ಗಾಡಿ ಈಗ 35ಕ್ಕೆ ಸಿಗುತ್ತಿದೆ ಅನ್ನಿ. ಗೇರ್‌ಬಾಕ್ಸ್ ರಿಪೇರಿಗೆ 6 ಆಗುತ್ತದೆ ಅನ್ನಿ. ಮೊದಲ ಮಾಲೀಕನಿಗೆ ಅದು ಗಾಡಿಯ ಬೆಲೆಯಲ್ಲಿ ಶೇ 6. ನಿಮಗೆ ಶೇ 17. ಅಂಥ ಒಂದು ರಿಪೇರಿಗಾಗುವಷ್ಟು ದುಡ್ಡು ಗಾಡಿ ಕೊಂಡ ಮೇಲೂ ಬ್ಯಾಂಕಿನಲ್ಲಿ ಉಳಿಯುವಂತಿದ್ದರೆ ಮಾತ್ರ ಮುಂದುವರಿಯಿರಿ ಅನ್ನುವುದು ನನ್ನ ಖಂಡಿತ ಸಲಹೆ. ಅದಕ್ಕೆ ದುಡ್ಡು ಸಾಲದಿದ್ದರೆ, ಇದಕ್ಕಿಂತ ಚಿಕ್ಕ ಗಾಡಿಯನ್ನು ಇನ್ನೂ ಒಳ್ಳೆ ಸ್ಥಿತಿಯಲ್ಲಿ ಕೊಳ್ಳಿ.

ಟೈರನ್ನು ಮರೆಯುವವರೇ ಜಾಸ್ತಿ. 275/55 ಆರ್ 20 ತರಹದ ಅಳತೆಯ ನಾಲ್ಕು ಟೈರಿನ ಬೆಲೆ ಅಂಗಡಿಯಲ್ಲಿ ಕೇಳಿ, ಸಣ್ಣ ಕಾರಿನ ಟೈರ್ ಬೆಲೆಯ ಪಕ್ಕ ಇಟ್ಟು ನೋಡಿ. 75,000 ಕಿಲೋಮೀಟರಿನಲ್ಲಿ ಕನಿಷ್ಠ ಒಂದು ಸೆಟ್ ಖಂಡಿತ ಬೇಕಾಗುತ್ತದೆ. ಒಂದೇ ಮಾಡೆಲ್ 18 ಇಂಚು ಮತ್ತು 22 ಇಂಚಿನ ಚಕ್ರಗಳಲ್ಲಿ ಸಿಗುತ್ತಿದ್ದರೆ 18 ಇಂಚಿನದನ್ನು ಆರಿಸಿ. ಟೈರಿನ ಖರ್ಚು ಕಮ್ಮಿ, ಗುಂಡಿಗಳಲ್ಲಿ ರಿಮ್ ಬಾಗುವುದೂ ಕಮ್ಮಿ.

ವಿಮೆಯ ದರವನ್ನು ಊಹಿಸಬೇಡಿ, ಆ ಮಾಡೆಲ್, ಆ ವರ್ಷ ಹೇಳಿ ಕೇಳಿ ತಿಳಿಯಿರಿ. ತೆರಿಗೆಯೂ ಹಾಗೇ. ಕೆಲವು ದೇಶಗಳಲ್ಲಿ ಎಂಜಿನ್ ಗಾತ್ರದ ಮೇಲೆ, ಕೆಲವೆಡೆ ಹೊಗೆಯ ಅಥವಾ ಗಾಡಿಯ ತೂಕದ ಮೇಲೆ ತೆರಿಗೆ ಇರುತ್ತದೆ. ಮೂರರಲ್ಲೂ ದೊಡ್ಡ ಎಸ್‌ಯುವಿಗೆ ಹೊಡೆತ ಜಾಸ್ತಿ.

ಹಂತ 3: ಯಾವ ಎಂಜಿನ್, ಯಾವ ವರ್ಷ

ಮಾಡೆಲಿನ ಹೆಸರಿಗಿಂತ ಎಂಜಿನ್ ಮತ್ತು ವರ್ಷ ಮುಖ್ಯ. ಒಂದೇ ಹೆಸರಿನ ಗಾಡಿಯ ಒಳಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಯಂತ್ರ ಇರುತ್ತದೆ.

ಟೊಯೋಟಾ ಲ್ಯಾಂಡ್ ಕ್ರೂಸರ್ 100ರ 4.7 ಲೀಟರ್ ಪೆಟ್ರೋಲ್ ವಿ8 ಗಟ್ಟಿತನಕ್ಕೆ ಹೆಸರಾದದ್ದು. ಆದರೆ ಅದರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ರಬ್ಬರ್ ಪಟ್ಟಿ) ಇದೆ, ಸುಮಾರು 1,50,000 ಕಿಲೋಮೀಟರಿಗೊಮ್ಮೆ ಬದಲಿಸಲೇಬೇಕು. ನಂತರ ಬಂದ ಲ್ಯಾಂಡ್ ಕ್ರೂಸರ್ 200ರ 5.7 ಲೀಟರ್ ಎಂಜಿನ್‌ನಲ್ಲಿ ಚೈನ್ ಇದೆ, ಆ ಖರ್ಚಿಲ್ಲ. ಈ ಗಾಡಿಗಳ ಬೆಲೆ ಉಳಿದವುಗಳ ಹಾಗೆ ಬೇಗ ಇಳಿಯುವುದಿಲ್ಲ. ಕೊಳ್ಳುವಾಗ ಜಾಸ್ತಿ ಕೊಡುತ್ತೀರಿ, ಮಾರುವಾಗ ಅದರಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ. ಹಾಳೆಯಲ್ಲಿ ಎರಡೂ ಅಂಕಿ ಬರೆದರೆ ‘ದುಬಾರಿ’ ಗಾಡಿಯೇ ಕೆಲವೊಮ್ಮೆ ಅಗ್ಗವಾಗಿ ಕಾಣುತ್ತದೆ.

ಜನರಲ್ ಮೋಟರ್ಸ್‌ನ 5.3 ಲೀಟರ್ ವಿ8 ಹಗುರವಾಗಿ ಓಡುವಾಗ ಇಂಧನ ಉಳಿಸಲು ಅರ್ಧ ಸಿಲಿಂಡರ್‌ಗಳನ್ನು ತಾನೇ ನಿಲ್ಲಿಸುತ್ತದೆ. 2007ರ ಟಾಹೋದಿಂದ ಈ ವ್ಯವಸ್ಥೆ ಇದೆ. ಅದಕ್ಕಾಗಿ ಇರುವ, ವಾಲ್ವ್ ಎತ್ತುವ ವಿಶೇಷ ಲಿಫ್ಟರ್‌ಗಳು ಅಂಟಿಕೊಂಡರೆ ಟಿಕ್ ಟಿಕ್ ಸದ್ದು ಶುರುವಾಗುತ್ತದೆ, ಹಾಗೇ ಬಿಟ್ಟರೆ ಅವನ್ನು ಒತ್ತುವ ಕ್ಯಾಮ್‌ಶಾಫ್ಟೂ ಹಾಳಾಗುತ್ತದೆ. ಫೋರ್ಡ್‌ನ 3.5 ಲೀಟರ್ ಇಕೋಬೂಸ್ಟ್‌ನಲ್ಲಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಕೆಲವು ಸೆಕೆಂಡ್ ಗರಗರ ಸದ್ದು ಬಂದರೆ ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಫೇಸರ್ ಸವೆದಿರಬಹುದು. ಇದರಿಂದ ಈ ಎಂಜಿನ್‌ಗಳೇ ಬೇಡ ಅಂತ ಅರ್ಥವಲ್ಲ. ಏನನ್ನು ಕೇಳಿಸಿಕೊಳ್ಳಬೇಕು ಅನ್ನುವುದು ಗೊತ್ತಿರಬೇಕು.

ಡೀಸೆಲ್ ಮೈಲೇಜು ಚೆನ್ನಾಗಿ ಕೊಡುತ್ತದೆ, ಭಾರ ಎಳೆಯಲೂ ಒಳ್ಳೆಯದು. ಆದರೆ ಹೊಸ ಕಾಲದ ಡೀಸೆಲ್‌ಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಮಸಿಯನ್ನು ಸುಟ್ಟು ಸ್ವಚ್ಛವಾಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ದಿನಾ ಐದಾರು ಕಿಲೋಮೀಟರ್ ಮಾತ್ರ ಓಡಿಸಿದರೆ ಆ ಬಿಸಿ ಬರುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಿಮ್ಮ ಓಡಾಟ ಹತ್ತಿರ ಹತ್ತಿರದ್ದಾದರೆ ಪೆಟ್ರೋಲ್ ತೆಗೆದುಕೊಳ್ಳಿ.

ಹಂತ 4: ಕಾಗದ ಪತ್ರ

1981ರ ನಂತರದ ಗಾಡಿಗಳಲ್ಲಿ ಸಾಮಾನ್ಯವಾಗಿ 17 ಅಕ್ಷರ, ಅಂಕಿಗಳ ಚಾಸಿ ನಂಬರ್ ಇರುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಇರುವುದಿಲ್ಲ. ಗಾಜಿನ ಕೆಳಗೆ, ಬಾಗಿಲ ಕಂಬದಲ್ಲಿ, ಫ್ರೇಮಿನ ಮೇಲೆ, ಕಾಗದದಲ್ಲಿ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ಬೇರೆ ಇದ್ದರೆ ಮಾತು ಅಲ್ಲಿಗೇ ಮುಗಿಸಿ.

ಆ ನಂಬರ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತ ಕಂಪನಿಯ ಕಡೆಯಿಂದ ತಿಳಿದುಕೊಳ್ಳಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ವಾಹನ ಚರಿತ್ರೆಯಲ್ಲೇ ದೊಡ್ಡದು. ಏರ್‌ಬ್ಯಾಗ್ ಉಬ್ಬಿಸುವ ಡಬ್ಬಿಯೇ ಸಿಡಿದು ಲೋಹದ ಚೂರುಗಳು ಹಾರುತ್ತಿದ್ದವು, ಜೀವಗಳೂ ಹೋದವು. ಹಲವಾರು ಕಂಪನಿಗಳ ಗಾಡಿಗಳು ಆ ಪಟ್ಟಿಯಲ್ಲಿದ್ದವು. ಹಳೆಯ ಗಾಡಿಯಲ್ಲಿ ಅದನ್ನು ಬದಲಿಸಿದ್ದಾರಾ ಅಂತ ನೋಡದೆ ಮಕ್ಕಳನ್ನು ಕೂರಿಸಬೇಡಿ.

ಗಾಡಿಯ ಮೇಲೆ ಸಾಲ ಬಾಕಿ ಇದೆಯಾ, ಎಷ್ಟು ಕೈ ಬದಲಾಗಿದೆ, ವಿಮೆಯಲ್ಲಿ ದೊಡ್ಡ ಅಪಘಾತದ ದಾಖಲೆ ಇದೆಯಾ, ಇವನ್ನೂ ಕೇಳಿ. ಸರ್ವೀಸ್ ಬಿಲ್ಲುಗಳಲ್ಲಿ ಮೊತ್ತಕ್ಕಿಂತ ತಾರೀಖು ಮತ್ತು ಕಿಲೋಮೀಟರ್ ನೋಡಿ. ಮೀಟರ್ ತಿರುಗಿಸಿದ್ದರೆ ಸುಳ್ಳು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಹಂತ 5: ಗಾಡಿಯ ಮುಂದೆ ನಿಂತಾಗ

ಹಗಲಿನಲ್ಲಿ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಎಂಜಿನ್ ಆಗಲೇ ಓಡಿದೆ, ತಣ್ಣಗಿನ ಸ್ಟಾರ್ಟ್‌ನ ಸದ್ದು ನಿಮಗೆ ಸಿಗುವುದಿಲ್ಲ. ಇನ್ನೊಂದು ದಿನ ಬರುತ್ತೇನೆ ಅನ್ನಿ.

ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಂತು ಹೊಗೆ ನೋಡಲಿ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಕಪ್ಪು ಹೊಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅನ್ನುವುದರ ಗುರುತು.

ಈಗ ಬಗ್ಗಿ ಕೆಳಗೆ ನೋಡಿ. ಈ ಗಾಡಿಗಳಲ್ಲಿ ಹೆಚ್ಚಿನವು ಏಣಿಯಂಥ ಉಕ್ಕಿನ ಫ್ರೇಮಿನ ಮೇಲೆ ಕೂತಿರುತ್ತವೆ. ಎಂಜಿನ್ ಬದಲಿಸಬಹುದು, ಸೀಟು ಬದಲಿಸಬಹುದು, ಕೊಳೆತ ಫ್ರೇಮನ್ನು ಬದಲಿಸಲು ಹೊರಟರೆ ಗಾಡಿಯ ಬೆಲೆಯೇ ಸಾಲುವುದಿಲ್ಲ. ಕಡಲ ತೀರದಲ್ಲಿದ್ದ ಗಾಡಿ, ಹಿಮಕ್ಕೆ ಉಪ್ಪು ಸುರಿಯುವ ರಸ್ತೆಗಳಲ್ಲಿ ಓಡಿದ ಗಾಡಿ ಆದರೆ ಇನ್ನೂ ಹುಷಾರು. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಏಳುವ ತುಕ್ಕು ಅಪಾಯ. ಹಿಂದಿನ ಚಕ್ರದ ಮೇಲೆ ಫ್ರೇಮ್ ಬಾಗುವ ಜಾಗ, ಸಸ್ಪೆನ್ಷನ್ ಜೋಡಿಸಿದ ಜಾಗಗಳಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಹಳೆ ಗಾಡಿಯ ತಳಕ್ಕೆ ಮೊನ್ನೆ ಮೊನ್ನೆ ಬಳಿದ ಹೊಳೆಯುವ ಕಪ್ಪು ಬಣ್ಣ ಕಂಡರೆ ಅದರ ಹಿಂದೆ ಏನಿದೆ ಅಂತ ಕೇಳಲೇಬೇಕು.

ನೀರಲ್ಲಿ ಮುಳುಗಿದ ಗಾಡಿಯನ್ನು ಹಿಡಿಯಲು ಸೀಟ್ ಬೆಲ್ಟ್ ಸಾಕು. ಅದನ್ನು ಕೊನೆಯವರೆಗೆ ಎಳೆಯಿರಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಗೆರೆ, ಬಣ್ಣಗೆಟ್ಟ ಪಟ್ಟಿ, ಮುಗ್ಗಲು ವಾಸನೆ ಇದ್ದರೆ ಗಾಡಿ ನೀರು ಕುಡಿದಿದೆ. ಎಷ್ಟೇ ತೊಳೆದರೂ ಬೆಲ್ಟಿನ ಕೊನೆಯ ಗೇಣನ್ನು ತೊಳೆಯುವವರು ಕಮ್ಮಿ. ಮೂರನೇ ಸಾಲಿನ ಬೆಲ್ಟನ್ನೂ ಎಳೆದು ನೋಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆಗಳು ಆಳವಾಗಿದ್ದರೂ ವಯಸ್ಸಾದ ರಬ್ಬರ್ ಬಿರಿಯುತ್ತದೆ. ನಾಲ್ಕು ಚಕ್ರಕ್ಕೂ ಸದಾ ಶಕ್ತಿ ಹೋಗುವ ಗಾಡಿಯಾದರೆ ನಾಲ್ಕೂ ಟೈರ್ ಒಂದೇ ಅಳತೆ, ಹತ್ತಿರ ಹತ್ತಿರ ಒಂದೇ ಸವೆತ ಇರಬೇಕು. ಎರಡು ಹೊಸದು, ಎರಡು ಬೋಳು ಇದ್ದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮತ್ತು ಎಡ ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗಳು ಅಷ್ಟು ದಿನ ಸುಮ್ಮನೆ ಕಷ್ಟಪಟ್ಟಿವೆ ಅಂತ ತಿಳಿಯಿರಿ.

ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಇದ್ದರೆ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ನೋಡುವುದು ಒಳ್ಳೆಯದು. ಒಂದು ಮೂಲೆ ತಗ್ಗಿದ್ದರೆ ಗಾಳಿ ಸೋರುತ್ತಿದೆ. ಹಿಂದಿನ ಎಸಿಯನ್ನು ಪೂರ್ತಿ ತಣ್ಣಗೆ ಇಟ್ಟು, ಮೂರನೇ ಸಾಲಿನಲ್ಲಿ ಹತ್ತು ನಿಮಿಷ ಕೂತು ನೋಡಿ. ಹಿಂದಿನ ಎಸಿಗೆ ಹೋಗುವ ಉದ್ದದ ಪೈಪುಗಳು ಗಾಡಿಯ ತಳದಲ್ಲಿ ಹೋಗುತ್ತವೆ, ತುಕ್ಕು ಹಿಡಿದು ಸೋರುವುದು ಸಾಮಾನ್ಯ.

ಹಂತ 6: ಓಡಿಸಿ ನೋಡುವುದು

ಅರ್ಧ ಗಂಟೆಗಿಂತ ಕಮ್ಮಿ ಬೇಡ. ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗುವವರೆಗೆ ಅದರ ನಿಜಗುಣ ಗೊತ್ತಾಗುವುದಿಲ್ಲ. 60ರಿಂದ 80ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹಿಡಿಯಿರಿ. ಒರಟು ರಸ್ತೆಯ ಮೇಲೆ ಹೋದ ಹಾಗೆ ಸಣ್ಣ ನಡುಕ ಬಂದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬಗ್ಗೆ ಅನುಮಾನ ಪಡಿ. ಹೆದ್ದಾರಿ ವೇಗದಿಂದ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್‌ಗಳ ಖರ್ಚು ಕಾದಿದೆ. ಎರಡೂವರೆ ಟನ್ ಗಾಡಿ ನಿಲ್ಲಿಸುವ ಡಿಸ್ಕ್‌ಗಳು ಬೇಗ ಸವೆಯುತ್ತವೆ.

ಫೋರ್ ವೀಲ್ ಡ್ರೈವ್ ಹಾಕಿ ನೋಡಲೇಬೇಕು, ಆದರೆ ಜಾಗ ಮುಖ್ಯ. ಬೇಕಾದಾಗ ಮಾತ್ರ ಹಾಕುವ ಬಗೆಯ ಫೋರ್ ವೀಲ್ ಅನ್ನು ಒಣ ಡಾಂಬರಿನಲ್ಲಿ ತಿರುವಿನಲ್ಲಿ ಹಾಕಿದರೆ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಯಂತ್ರಕ್ಕೆ ಪೆಟ್ಟು. ಮಣ್ಣು ಅಥವಾ ಜಲ್ಲಿಯ ಮೇಲೆ ಹಾಕಿ. ಲೋ ರೇಂಜಿಗೂ (ನಿಧಾನ ವೇಗ, ಜಾಸ್ತಿ ಎಳೆತದ ಗೇರು) ಹೋಗಿ ವಾಪಸ್ ಬರುತ್ತದಾ ನೋಡಿ. ವರ್ಷಗಟ್ಟಲೆ ಬಳಸದೆ ಅಂಟಿಕೊಂಡಿರುವುದು ತುಂಬ ಕಡೆ ಕಾಣುತ್ತದೆ.

ಹಂತ 7: ಸ್ಕ್ಯಾನರ್ ಮತ್ತು ಮೆಕ್ಯಾನಿಕ್

ಫೋನಿಗೆ ಜೋಡಿಸುವ ಸಣ್ಣ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಉಪಕರಣ) ಈಗ ಅಗ್ಗಕ್ಕೆ ಸಿಗುತ್ತದೆ. ಎಂಜಿನ್ ದೋಷದ ಕೋಡ್ ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ‘ರೆಡಿನೆಸ್’ ಪುಟ. ಯಾರಾದರೂ ಕೋಡ್ ಅಳಿಸಿ ಎಚ್ಚರಿಕೆ ದೀಪ ಆರಿಸಿದ್ದರೆ ಗಾಡಿಯ ಸ್ವಯಂ ಪರೀಕ್ಷೆಗಳೂ ಅಳಿಸಿಹೋಗುತ್ತವೆ. ಬೇರೆ ಬೇರೆ ವೇಗದಲ್ಲಿ ಕೆಲವು ದಿನ ಓಡಿದ ಮೇಲೆ ಮತ್ತೆ ಒಂದೊಂದಾಗಿ ಪೂರ್ತಿಯಾಗುತ್ತವೆ. ದೀಪ ಆರಿದೆ, ಕೋಡ್ ಇಲ್ಲ, ಆದರೆ ಅರ್ಧಕ್ಕರ್ಧ ಪರೀಕ್ಷೆ ‘ಪೂರ್ತಿಯಾಗಿಲ್ಲ’ ಅಂತ ತೋರಿಸಿದರೆ ಬ್ಯಾಟರಿ ಬದಲಿಸಿರಬಹುದು, ಅಥವಾ ನೀವು ಬರುವ ಮೊದಲು ಯಾರೋ ಏನನ್ನೋ ಅಳಿಸಿರಬಹುದು. ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತೇನೆ ಅನ್ನಿ.

ಕೊನೆಗೆ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿ. ಈ ಖರ್ಚನ್ನು ಉಳಿಸಬೇಡಿ. ಆ ಮಾಡೆಲ್ ಮೇಲೆ ಕೈಯಾಡಿಸಿದವರಾದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ಗಾಡಿ ಕೊಡುವುದಿಲ್ಲ ಅನ್ನುವ ಮಾರಾಟಗಾರ ಏನೇ ಕಾರಣ ಹೇಳಲಿ, ಬಿಟ್ಟು ಬನ್ನಿ.

ಹಂತ 8: ಚೌಕಾಸಿ

ಮೆಕ್ಯಾನಿಕ್ ಕೊಟ್ಟ ಪಟ್ಟಿಯಲ್ಲಿರುವ ಒಂದೊಂದಕ್ಕೂ ನಿಜವಾದ ಬೆಲೆ ಕೇಳಿ ಬರೆದುಕೊಳ್ಳಿ. ‘ಸ್ವಲ್ಪ ಕಮ್ಮಿ ಮಾಡಿ’ ಅನ್ನುವುದಕ್ಕಿಂತ ‘ನಾಲ್ಕು ಟೈರ್, ಮುಂದಿನ ಡಿಸ್ಕ್, ಹಿಂದಿನ ಎಸಿ ಪೈಪ್, ಒಟ್ಟು ಇಷ್ಟಾಗುತ್ತದೆ’ ಅಂತ ಹಾಳೆ ಮುಂದಿಟ್ಟರೆ ಮಾತಿಗೆ ತೂಕ ಇರುತ್ತದೆ. ಇಂಧನದ ಬೆಲೆ ಏರಿದ ದಿನಗಳಲ್ಲಿ ಇಂಥ ಗಾಡಿ ಕೇಳುವವರು ಕಮ್ಮಿಯಾಗುತ್ತಾರೆ, ಕೊಳ್ಳುವವರ ಮಾತು ನಡೆಯುತ್ತದೆ. ಫ್ರೇಮಿನಲ್ಲಿ ಪದರ ಪದರವಾಗಿ ಏಳುವ ತುಕ್ಕು, ನೀರು ನುಗ್ಗಿದ ಗುರುತು, ಚಾಸಿ ನಂಬರ್ ವ್ಯತ್ಯಾಸ, ಈ ಮೂರರಲ್ಲಿ ಒಂದಿದ್ದರೂ ಎಷ್ಟೇ ಇಳಿಸಿದರೂ ಬೇಡ.

ಹಂತ 9: ಮೊದಲ ತಿಂಗಳು

ಹಿಂದಿನವರು ಏನು ಮಾಡಿಸಿದ್ದೇವೆ ಅಂದರೂ, ಬಿಲ್ ಇಲ್ಲದ ಕೆಲಸವನ್ನು ಆಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಡಿಫರೆನ್ಷಿಯಲ್‌ಗಳ ಎಣ್ಣೆ, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಫಿಲ್ಟರ್‌ಗಳು. ಸಣ್ಣ ಕಾರಿನಲ್ಲಿ ಇಲ್ಲದ ಎರಡು ಮೂರು ಎಣ್ಣೆ ಇಲ್ಲಿ ಜಾಸ್ತಿ ಇವೆ, ಹಾಳೆಯಲ್ಲಿ ಮೊದಲೇ ಸೇರಿಸಿರಿ. ಗೇರ್‌ಬಾಕ್ಸ್ ಎಣ್ಣೆ ಗಾಡಿ ಇರುವವರೆಗೂ ಬರುತ್ತದೆ ಅಂತ ಕೈಪಿಡಿ ಹೇಳಿದರೂ, ಭಾರ ಎಳೆದ ಗಾಡಿಯಲ್ಲಿ ಅದನ್ನು ಬದಲಿಸುವುದೇ ಸರಿ. ಟ್ರೇಲರ್ ಕೊಕ್ಕೆ ಸವೆದಿದೆಯಾ ನೋಡಿದರೆ ಎಷ್ಟು ಎಳೆದಿದೆ ಅನ್ನುವ ಅಂದಾಜು ಸಿಗುತ್ತದೆ.

ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರ್ ಬರೆದಿಡಿ, ಮತ್ತೆ ಪೂರ್ತಿ ತುಂಬಿಸುವಾಗ ಲೀಟರ್ ನೋಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ನಿಮ್ಮ ರಸ್ತೆಯಲ್ಲಿ, ನಿಮ್ಮ ಕಾಲಿನ ಕೆಳಗೆ ಅದು ಕೊಡುವ ನಿಜವಾದ ಮೈಲೇಜು ಸಿಗುತ್ತದೆ. ಹಾಳೆಯ ಅಂಕಿಯನ್ನು ತಿದ್ದಿ.

ಸ್ಟೆಪ್ನಿಯನ್ನೂ ಒಮ್ಮೆ ಕೆಳಗಿಳಿಸಿ ನೋಡಿ. ಈ ಗಾಡಿಗಳಲ್ಲಿ ಅದು ಹೆಚ್ಚಾಗಿ ಹಿಂಭಾಗದ ತಳದಲ್ಲಿ ಕೇಬಲ್‌ಗೆ ತೂಗಿಕೊಂಡಿರುತ್ತದೆ. ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಪಂಕ್ಚರ್ ಆದ ದಿನ ರಸ್ತೆ ಬದಿಯಲ್ಲಿ ಅದನ್ನು ಬಿಚ್ಚಲು ಆಗುವುದಿಲ್ಲ. ಇಳಿಸಿ, ಕೇಬಲ್‌ಗೆ ಗ್ರೀಸ್ ಹಚ್ಚಿ, ಟೈರಿನ ನಾಲ್ಕು ಅಂಕಿ ಓದಿ, ಗಾಳಿ ತುಂಬಿಸಿ ಮತ್ತೆ ಏರಿಸಿ. ಜಾಕ್ ಮತ್ತು ಅದರ ಉದ್ದದ ಹಿಡಿಕೆ ಗಾಡಿಯಲ್ಲೇ ಇದೆಯಾ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.